ಎಡಗಡೆ ಸೀಟು

14 ಮಾರ್ಚ್ 1997
ಮೂಳೆ ವಾರ್ಡ್, ಒಂಬತ್ತನೇ ಹಾಸಿಗೆ

ಇಲಿಮರೀ,

ಅಕ್ಷರ ನೋಡಿ ಗಾಬರಿ ಬೀಳಬೇಡ. ಪಕ್ಕದ ಹಾಸಿಗೆಯ ಟೀಚರ್ ನಾನು ಹೇಳಿದ್ದನ್ನ ಬರೆದುಕೊಡ್ತಿದಾರೆ. ಅವರಿಗೆ ಕಾಲು ಮುರಿದಿದೆ, ನನಗೆ ಕೈ. ಇಬ್ಬರನ್ನೂ ಸೇರಿಸಿದರೆ ಒಂದು ಪೂರ್ತಿ ಹೆಂಗಸು ಸಿಗುತ್ತೆ ಅಂತ ವಾರ್ಡಿನ ಆಯಾ ನಗಾಡ್ತಾಳೆ.

ನಿಮ್ಮೂರಿಂದ ಆಂಬುಲೆನ್ಸಿನಲ್ಲಿ ಇಲ್ಲಿಗೆ ಬಂದು ಹತ್ತು ದಿನ ಆಯಿತು. ಬಲಗೈ ಮಣಿಕಟ್ಟಿಗೆ ಒಂದು ಪ್ಲೇಟು, ಆರು ಸ್ಕ್ರೂ ಹಾಕಿದಾರೆ. ಇಪ್ಪತ್ತು ವರ್ಷ ಕನ್ನಡಕದ ಅಂಗಡೀಲಿ ಕೂತು ಊರವರ ಫ್ರೇಮಿಗೆಲ್ಲ ಸ್ಕ್ರೂ ತಿರುಗಿಸಿದೆ, ಈಗ ನನಗೇ ತಿರುಗಿಸಿದರು. ಹೆಬ್ಬೆರಳು, ತೋರುಬೆರಳು ಇನ್ನೂ ಮರಗಟ್ಟಿದ ಹಾಗೇ ಇವೆ. ಡಾಕ್ಟರನ್ನ ಕೇಳಿದರೆ ‘ನೋಡೋಣ’ ಅಂತಾರೆ. ಅಂಗಡಿ ಮಾಲೀಕರು ಬಂದು ನನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ ಅಂತ ಹೇಳಿ ಹೋದರು.

ನೀನು ಹಿಂದಿನ ಸೀಟಲ್ಲಿದ್ದೆ, ನಿನಗೆ ಏನೂ ಆಗಲಿಲ್ಲ. ಅದೊಂದನ್ನ ನೆನೆಸಿಕೊಂಡು ಸಮಾಧಾನ ಮಾಡ್ಕೊಳ್ತೀನಿ. ಮೇಷ್ಟ್ರ ಹಣೆ ಗಾಯ ಒಣಗಿತಾ? (ಮೇಷ್ಟ್ರು ಅಂದರೆ ಯಾರು ಅಂತ ಟೀಚರ್ ಕೇಳ್ತಿದಾರೆ. ನನ್ನ ತಂಗಿ ಗಂಡ, ಡ್ರೈವಿಂಗ್ ಸ್ಕೂಲ್ ನಡೆಸ್ತಾರೆ, ಅರ್ಧ ಊರಿಗೆ ಕಾರು ಕಲಿಸಿದಾರೆ ಅಂದೆ. ‘ಅಂಥವರ ಪಕ್ಕ ಕೂತು ಈ ಗತಿನಾ?’ ಅಂದರು. ಅದನ್ನೂ ಬರೀರಿ ಅಂದೆ.) ಅವರ ಮೇಲೆ ನನಗೆ ಕೋಪ ಇಲ್ಲ ಅಂತ ಹೇಳು. ರೈಲಿಗೆ ಹೊತ್ತಾಗಿತ್ತು, ನಿಮ್ಮಿಬ್ಬರ ಮಾತು ಜೋರಾಗಿತ್ತು, ಅವರು ನಿನಗೆ ಉತ್ತರ ಕೊಡೋಕೆ ಹಿಂದೆ ತಿರುಗಿದರು, ಅಷ್ಟರಲ್ಲಿ ಆಗಿಹೋಯ್ತು. ಕಲಿಸೋ ಕಾರಲ್ಲಿ ಎಡಗಡೆ ಸೀಟಿನ ಮುಂದೂ ಒಂದು ಬ್ರೇಕ್ ಇರುತ್ತಂತೆ. ನನ್ನ ಕಾಲ ಹತ್ತಿರಾನೇ ಇತ್ತಂತೆ. ಗೊತ್ತಿದ್ದಿದ್ದರೆ ಒತ್ತುತ್ತಿದ್ದೆನೋ ಏನೋ. ಮಲಗಿದಾಗ ಆ ಕಾಲೇ ಒದ್ದಾಡುತ್ತೆ.

ಆ ಸೈಕಲ್ಲಿನವರು, ಚಾಕು ಸಾಣೆ ಹಿಡಿಯೋರು, ಹೇಗಿದಾರೆ? ಅವರ ಸಾಣೆಕಲ್ಲಿನ ಚಕ್ರ ರಸ್ತೆಯಲ್ಲಿ ಉರುಳಿಕೊಂಡು ಹೋದದ್ದಷ್ಟೇ ನನಗೆ ನೆನಪು.

ಇನ್ನೊಂದು. ನಿಮ್ಮೂರ ಆಸ್ಪತ್ರೆಯಿಂದ ಬಂದಾಗ ಎಡಗೈ ಹೆಬ್ಬೆರಳಿನ ತುಂಬ ನೇರಳೆ ಮಸಿ ಇತ್ತು. ಇಲ್ಲಿ ನರ್ಸು ಸ್ಪಿರಿಟ್ ಹಾಕಿ ತಿಕ್ಕಿದರು. ಯಾವ ಕಾಗದಕ್ಕೆ ಒತ್ತಿಸಿಕೊಂಡಿರಿ?

ನಿನ್ನ ಅಕ್ಕ

29 ಮಾರ್ಚ್ 1997

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಬೇರೆಯವರ ಅಕ್ಷರದಲ್ಲಿ ನಿನ್ನ ಮಾತು ಓದೋದು ಏನೋ ಒಂಥರಾ ಅನ್ನಿಸ್ತು. ಆ ಟೀಚರಿಗೆ ನಮ್ಮನೆ ವಿಷಯ ಎಲ್ಲ ಹೇಳಬೇಡ ಅಕ್ಕ. ವಾರ್ಡಲ್ಲಿ ಕೂತವರಿಗೆ ಬೇರೆ ಏನು ಕೆಲಸ ಇರುತ್ತೆ, ಒಂದಕ್ಕೆರಡು ಮಾಡಿ ಹೇಳ್ತಾರೆ.

ಇವರ ಹಣೆ ಗಾಯ ವಾಸಿಯಾಗಿದೆ. ಮನಸ್ಸಿನದು ಆಗಿಲ್ಲ. ಎರಡು ವಾರ ಕ್ಲಾಸ್ ತಗೊಳ್ಳಲಿಲ್ಲ. ಈಗ ಬೇರೆ ಕಾರಿನಲ್ಲಿ ಬೆಳಿಗ್ಗೆ ಒಂದೇ ಬ್ಯಾಚು. ಪುಟ್ಟಿ ದಿನಾ ‘ದೊಡ್ಡಮ್ಮನ ಕೈ ಯಾವಾಗ ಅಂಟುತ್ತೆ?’ ಅಂತ ಕೇಳ್ತಾಳೆ.

ಸಾಣೆಯವರು ಆರಾಮಾಗಿದಾರೆ, ಮನೆಗೆ ಹೋದರು. ನೀನು ಅವರ ಯೋಚನೆ ಬಿಡು.

ಮಸಿ ಅಂದೆಯಲ್ಲ, ಅದು ಆಪರೇಷನ್ನಿಗೆ ಒಪ್ಪಿಗೆ ಪತ್ರ ಇರಬೇಕು. ಆ ಗಲಾಟೆಯಲ್ಲಿ ಯಾರು ಏನು ಒತ್ತಿಸಿದರೋ ನನಗೂ ಸರಿಯಾಗಿ ನೆನಪಿಲ್ಲ.

ಇನ್ನು ಮೇಲೆ ಕಾಗದ ಮನೆಗೆ ಹಾಕಬೇಡ, ನಾನು ಕೆಲಸ ಮಾಡೋ ಹೈಸ್ಕೂಲ್ ಆಫೀಸಿನ ವಿಳಾಸಕ್ಕೇ ಹಾಕು. ಟಪಾಲು ಬಿಡಿಸೋದು ನಾನೇ. ಇವರು ನಿನ್ನ ಕಾಗದ ನೋಡಿದರೆ ಊಟ ಬಿಡ್ತಾರೆ.

ನಿನ್ನ ಇಲಿಮರಿ

21 ಏಪ್ರಿಲ್ 1997

ಇಲಿಮರೀ,

ಇದು ನನ್ನದೇ ಅಕ್ಷರ, ಎಡಗೈದು. ಕಾಗೆ ಕಾಲು, ಗುಬ್ಬಿ ಕಾಲು. ಐದು ಸಾಲಿಗೆ ಅರ್ಧ ಗಂಟೆ ಹಿಡೀತು. ಆದರೂ ನಿನಗೆ ಬೇರೆಯವರ ಅಕ್ಷರ ಬೇಡ ಅಂದೆಯಲ್ಲ ಅಂತ ಹಟ ಹಿಡಿದು ಬರೀತಿದೀನಿ.

ಮನೆಗೆ ಬಂದೆ. ಕೈ ಇದೆ, ಕೆಲಸ ಇಲ್ಲ. ಹೋದ ವಾರ ಅಂಗಡಿಗೆ ಹೋಗಿ ಒಂದು ಸ್ಕ್ರೂ ಎತ್ತೋಕೆ ನೋಡಿದೆ. ಬೆರಳಿಗೆ ಸಿಕ್ಕಿತು ಅಂದುಕೊಂಡೆ, ಕೈ ನೋಡಿದರೆ ಖಾಲಿ. ಸ್ಕ್ರೂ ಟ್ರೇಯಲ್ಲೇ ಇತ್ತು. ಮಾಲೀಕರು ಆ ಕಡೆ ಮುಖ ತಿರುಗಿಸಿಕೊಂಡು ಗಾಜು ಒರೆಸ್ತಾ ನಿಂತರು.

ಅವರೇ ಒಂದು ಮಾತು ಹೇಳಿದರು. ಕಾರಿನಲ್ಲಿ ಕೂತು ಪೆಟ್ಟಾದವರಿಗೆ ಆ ಕಾರಿನ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕಂತೆ. ಅರ್ಜಿಯಲ್ಲಿ ಓಡಿಸಿದವರ ಹೆಸರು ಬರೀಬೇಕು, ಅಷ್ಟಕ್ಕೆ ಅವರ ಮೇಲೆ ಜಗಳ ಹೂಡಿದ ಹಾಗೆ ಆಗಲ್ಲ, ಕೊಡೋದು ಕಂಪನಿ ಅಂತ ವಿವರಿಸಿದರು. ಅದಕ್ಕೆ ಪೊಲೀಸ್ ವರದಿಯ ಪ್ರತಿ, ಪಾಲಿಸಿಯ ನಂಬರು ಬೇಕು. ಮೇಷ್ಟ್ರ ಹತ್ತಿರ ಇಸಕೊಂಡು ಕಳಿಸ್ತೀಯಾ? ಅವರಿಗೆ ಬೇಜಾರಾಗದ ಹಾಗೆ ಕೇಳು.

ಒಪ್ಪಿಗೆ ಪತ್ರದ ವಿಷಯ: ಆಪರೇಷನ್ ಆದದ್ದು ಇಲ್ಲಿ. ಇಲ್ಲಿ ಸಹಿ ಹಾಕಿದ್ದು ಮಾಲೀಕರ ಹೆಂಡತಿ. ಮತ್ತೆ ಅಲ್ಲಿ ಒತ್ತಿಸಿದ್ದು ಯಾವುದು? ಸುಮ್ಮನೆ ಕೇಳಿದೆ, ಸಿಕ್ಕರೆ ನೋಡು.

ಅಕ್ಕ

12 ಜೂನ್ 1997

ಅಕ್ಕ,

ತಡವಾಯಿತು. ಪುಟ್ಟಿಗೆ ಜ್ವರ, ಸ್ಕೂಲ್ ಶುರುವಾಗೋ ಗಡಿಬಿಡಿ, ಒಂದರ ಹಿಂದೆ ಒಂದು.

ಇನ್ಶೂರೆನ್ಸ್ ಅದೂ ಇದೂ ಅಂತ ಬರೆದಿದ್ದೆಯಲ್ಲ. ಈಗ ಬೇಡ ಅಕ್ಕ. ನಿನ್ನ ಮಾಲೀಕರು ಕನ್ನಡಕ ಮಾರೋರು, ಕಾನೂನು ಅವರಿಗೇನು ಗೊತ್ತು? ಇವರ ಸ್ಕೂಲಿಗೆ ಪರವಾನಗಿ ನವೀಕರಣ ಆಗಬೇಕಾದದ್ದು ಈ ವರ್ಷವೇ. ಕಲಿಸೋರ ಮೇಲೆ ಒಂದು ಆಕ್ಸಿಡೆಂಟ್ ಕೇಸ್ ಇದ್ದರೂ ಕೊಡಲ್ಲ. ಸ್ವಲ್ಪ ದಿನ ತಡಿ, ಎಲ್ಲಾ ತಣ್ಣಗಾಗಲಿ. ನಮ್ಮ ನಮ್ಮಲ್ಲೇ ಇರಲಿ ಇದು. ಮನೆ ವಿಷಯ ಬೀದಿಗೆ ತಂದರೆ ನಾಲ್ಕು ಜನ ನಗ್ತಾರೆ ಅಷ್ಟೆ.

ಒಂದು ಸ್ವೆಟರ್ ಕಳಿಸಿದೀನಿ. ಮುಂದೆ ಗುಂಡಿ ಇಲ್ಲ, ಜಿಪ್ಪು. ಒಂದೇ ಕೈಲಿ ಹಾಕಿಕೊಳ್ಳಬಹುದು.

ಇಲಿಮರಿ

8 ಜುಲೈ 1997

ತಂಗೀ,

ಸ್ವೆಟರ್ ಬಂತು. ಅದರ ಮಾರನೇ ದಿನ ಇನ್ನೊಂದು ಬಂತು. ಸಹಿ ಮಾಡಿ ತಗೊಳ್ಳಿ ಅಂದ ಕೋರ್ಟಿನ ಜವಾನ. ಎಡಗೈಲಿ ಗೀಚಿದ್ದು ನೋಡಿ ‘ಇದು ಸಹಿನಾ ಅಮ್ಮಾ?’ ಅಂದ.

ಅಪಘಾತ ಪರಿಹಾರದ ಕೋರ್ಟಿನ ನೋಟಿಸು. ಅರ್ಜಿ ಹಾಕಿರೋದು ಸಾಣೆ ಹಿಡಿಯೋರು. ಬಲಗಾಲು ಮಂಡಿಯ ಕೆಳಗೆ ತೆಗೆದಿದಾರೆ ಅಂತ ಬರೆದಿದೆ. ಆರಾಮಾಗಿದಾರೆ ಅಂತ ನೀನು ಬರೆದಿದ್ದೆ. ಮೂರು ಜನ ಎದುರುದಾರರು. ಮೂರನೆಯದು ಇನ್ಶೂರೆನ್ಸ್ ಕಂಪನಿ. ಎರಡನೆಯವರು ಕಾರಿನ ಮಾಲೀಕರು, ನಿನ್ನ ಗಂಡ. ಒಂದನೆಯವಳು ನಾನು. ನನ್ನ ಹೆಸರಿನ ಮುಂದೆ ‘ವಾಹನ ಚಾಲಕಿ’ ಅಂತ ಟೈಪ್ ಮಾಡಿದಾರೆ.

ಟೈಪಿನ ತಪ್ಪು ಅಂದುಕೊಂಡೆ. ಮೂರು ಸಲ ಓದಿದೆ. ಹಿಂದೆ ಪೊಲೀಸ್ ವರದಿಯ ಪ್ರತಿ ಪಿನ್ ಮಾಡಿತ್ತು. ‘ಕಾರು ಕಲಿಯುತ್ತಿದ್ದ ನಾನು ಸೈಕಲ್ ಸವಾರನನ್ನು ಗಮನಿಸದೆ ಗುದ್ದಿದೆ, ಪಕ್ಕದಲ್ಲಿದ್ದ ತರಬೇತುದಾರರು ಬ್ರೇಕ್ ಒತ್ತಿದರೂ ತಡವಾಗಿತ್ತು’ ಅಂತ ನಾನು ಹೇಳಿದೀನಂತೆ. ಕೆಳಗೆ ನೇರಳೆ ಬಣ್ಣದ ಹೆಬ್ಬೆರಳು. ನನ್ನದೇ.

ಸ್ಟಿಯರಿಂಗ್ ಅನ್ನೋದನ್ನ ನಾನು ಜೀವನದಲ್ಲಿ ಮುಟ್ಟಿಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ನಿನಗೆ ತಿಳಿಸದೆ ಇದನ್ನೆಲ್ಲ ಮಾಡಿದ್ದರೆ ಈ ಕಾಗದ ಓದಿ ನಿನಗೂ ಎದೆ ಒಡೆಯುತ್ತೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರೋ ಹಾಗೆ ಮಾಡಿದ್ದರೆ, ಅವನು ನಿನ್ನನ್ನ ಎಷ್ಟು ಹೆದರಿಸಿರಬೇಕು. ನನಗೆ ಬರೆದು ತಿಳಿಸು. ನಾನಿದೀನಿ.

ಅಕ್ಕ

20 ಜುಲೈ 1997

ಅಕ್ಕ,

ನೀನು ಹೀಗೆ ಹೌಹಾರಬೇಡ. ಇವರು ವಕೀಲರನ್ನ ಕೇಳಿಯೇ ಎಲ್ಲಾ ಮಾಡಿರೋದು. ಅದು ಬರೀ ಕಾಗದದ ಮೇಲಿನ ವಿಷಯ. ಓಡಿಸಿದವರು ಯಾರಾದರೇನು, ಸಾಣೆಯವರಿಗೆ ಕೊಡೋದು ಕಂಪನಿ ತಾನೆ? ನಿನಗೇನೂ ಆಗಲ್ಲ. ಹೆಚ್ಚು ಅಂದರೆ ಒಂದು ದಿನ ಹೋಗಿ ಕೈಕಟ್ಟಿ ನಿಂತು, ದಂಡ ಕಟ್ಟಿ ಬರೋದು. ದಂಡ ನಾವು ಕಟ್ತೀವಿ. ಕಲಿಯೋರು ತಪ್ಪು ಮಾಡೋದು ಲೋಕದಲ್ಲಿ ಇದ್ದದ್ದೇ, ಯಾರೂ ಬೆರಳು ತೋರಿಸಲ್ಲ. ಕಲಿಸೋರು ತಪ್ಪು ಮಾಡಿದರೆ ಅವರ ಹತ್ತಿರ ಯಾರು ಬರ್ತಾರೆ ಹೇಳು?

ಕಂಪನಿಯವರು ಈಗ ನಿನ್ನ ಹತ್ತಿರ ಕಲಿಯೋರ ಲೈಸೆನ್ಸ್ ಇತ್ತಾ ಅಂತ ಕೇಳ್ತಿದಾರಂತೆ. ಅದಕ್ಕೂ ದಾರಿ ಇದೆ. ಇದರ ಜೊತೆ ಒಂದು ಅರ್ಜಿ ಇಟ್ಟಿದೀನಿ. ಎರಡು ಫೋಟೋ ಅಂಟಿಸಿ ಕೆಳಗೆ ಸಹಿ ಮಾಡು. ತಾರೀಖು ಹಾಕಬೇಡ, ಅದನ್ನ ಇವರು ನೋಡ್ಕೊಳ್ತಾರೆ.

ನನ್ನ ಮನೆ ಉಳಿಸು ಅಕ್ಕ. ನಾನು ನಿನ್ನ ಹತ್ತಿರ ಏನು ಕೇಳಿದರೂ ನೀನು ಇಲ್ಲ ಅಂದದ್ದಿಲ್ಲ.

ಇಲಿಮರಿ

17 ಆಗಸ್ಟ್ 1997

ತಂಗೀ,

ನೀನು ಕಳಿಸಿದ ಅರ್ಜಿ ನನ್ನ ವಕೀಲರ ಹತ್ತಿರ ಇದೆ. ಸಹಿ ಮಾಡಿಲ್ಲ.

ಹೌದು, ವಕೀಲರನ್ನ ಹಿಡಿದೆ. ಕೋರ್ಟಿನ ಹಿಂದೆ ಉಚಿತ ಕಾನೂನು ನೆರವಿನ ಕೊಠಡಿ ಇದೆ, ಎರಡು ಬೆಂಚು, ಒಂದು ಫ್ಯಾನು. ಅಲ್ಲಿ ಕೂರೋ ಹೆಂಗಸಿಗೆ ನನ್ನ ಅರ್ಧ ವಯಸ್ಸು. ನಾನು ಮೊದಲ ಸಲ ಹೋದಾಗ ಅತ್ತೆ. ‘ಅಳು ಆಮೇಲೆ. ನೋಟಿಸು ಬಂದ ತಾರೀಖು ಹೇಳಿ’ ಅಂದಳು. ಅದು ನನಗೆ ಬಹಳ ಹಿಡಿಸಿತು.

ಅವಳು ಹೇಳಿದ್ದನ್ನ ನಿನಗೂ ಹೇಳ್ತೀನಿ. ನೋಟಿಸು ಬಂದ ಮೇಲೆ ಸುಮ್ಮನೆ ಕೂತರೆ ಒಪ್ಪಿಕೊಂಡ ಹಾಗೆ. ವಾಯಿದೆಯ ದಿನ ಹೋಗಿ ತಕರಾರು ಬರೆದುಕೊಡಬೇಕು. ಪೊಲೀಸ್ ವರದಿಯಲ್ಲಿ ಬರೆದದ್ದೇ ಕೊನೆ ಮಾತಲ್ಲ, ಅದು ಸುಳ್ಳು ಅನ್ನೋಕೆ ನನಗೆ ಹಕ್ಕಿದೆ. ಮರುತನಿಖೆ ಮಾಡಿ ಅಂತ ದೊಡ್ಡ ಅಧಿಕಾರಿಗೆ ಅರ್ಜಿ ಕೊಡಬಹುದು, ಕೊಟ್ಟೆ. ನನ್ನ ಕೈಗೆ ಪರಿಹಾರ ಕೇಳಿ ಕೋರ್ಟಿಗೆ ಬೇರೆ ಅರ್ಜಿಯನ್ನೂ ಹಾಕಿದೆ. ಪೆಟ್ಟಾದವರು ತಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ ಆಸ್ಪತ್ರೆಯವರು ಇಲ್ಲ ಅನ್ನೋ ಹಾಗಿಲ್ಲ. ಹಾಗಾಗಿ ಆರನೇ ತಾರೀಖು ನಿಮ್ಮೂರಿಗೆ ಬಂದಿದ್ದೆ. ನಿಮ್ಮ ಮನೆ ಮುಂದೇನೇ ಬಸ್ಸು ಹೋಯ್ತು. ಜಗಲಿ ಮೇಲೆ ಪುಟ್ಟಿ ಏನೋ ಬರೀತಾ ಕೂತಿದ್ದಳು. ಇಳೀಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೇಸ್ ಶೀಟು ಸಿಕ್ಕಿತು. ಮಾರ್ಚ್ ಮೂರರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ನನಗೆ ನೋವಿನ ಇಂಜೆಕ್ಷನ್ ಕೊಟ್ಟಿದಾರೆ, ‘ರೋಗಿ ಮಂಪರಿನಲ್ಲಿ’ ಅಂತ ಬರೆದಿದಾರೆ. ಪೊಲೀಸಿನವರು ನಾನು ಹೇಳಿಕೆ ಕೊಟ್ಟೆ ಅನ್ನೋದು ಹತ್ತು ಗಂಟೆಗೆ. ಇನ್ನೊಂದು ಸಾಲೂ ಸಿಕ್ಕಿದೆ. ಅದನ್ನ ಯಾರಿಗೂ ಹೇಳಬೇಡಿ ಅಂತ ವಕೀಲರು ಹೇಳಿದಾರೆ. ನಿನಗೂ ಬರೆಯಲ್ಲ.

ಸಾಣೆಯವರ ಮನೆಗೂ ಹೋಗಿದ್ದೆ. ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆ. ಅವರ ಹೆಂಡತಿ ಬಾಗಿಲು ತೆಗೆದರು, ಹೆಸರು ಹೇಳಿದ ತಕ್ಷಣ ಮುಚ್ಚಿದರು. ನಾನು ಹೊರಗಿಂದಲೇ ‘ನಾನು ಓಡಿಸಲಿಲ್ಲ ತಾಯೀ’ ಅಂದೆ. ಒಳಗಿಂದ ಆತ ಕೂಗಿದರು, ‘ಎಲ್ಲರೂ ಹಾಗೇ ಅಂತಾರೆ, ಒಳಗೆ ಬಿಡು, ನಿಂತುಕೊಳ್ಳೋಕೆ ಅವರಿಗಾದ್ರೂ ಕಾಲಿದೆಯಲ್ಲ!’ ಒಳಗೆ ಕೂರಿಸಿದರು. ಆತ ನನ್ನ ಕೈ ನೋಡಿದರು, ನಾನು ಅವರ ಕಾಲು ನೋಡಿದೆ. ಆಮೇಲೆ ಆತ ಅಂದರು, ‘ಓಡಿಸಿದವಳಿಗೆ ಲೈಸೆನ್ಸ್ ಇಲ್ಲ, ನಾವು ಕೊಡಲ್ಲ ಅಂತ ಕಂಪನಿಯವರು ಪಟ್ಟು ಹಿಡಿದು ಕೂತಿದಾರೆ. ಯಾರು ಓಡಿಸಿದ್ದು ಅನ್ನೋದು ನಿಮಗೆ ಮಾನದ ಪ್ರಶ್ನೆ, ನನಗೆ ಕಾಲಿನ ಪ್ರಶ್ನೆ.’

ನೋಡು, ಓಡಿಸಿದವರು ಯಾರಾದರೇನು ಅಂತ ಬರೆದಿದ್ದೆಯಲ್ಲ.

ನಿನ್ನ ಗಂಡ ಎಂಥವನು ಅಂತ ಈಗ ಗೊತ್ತಾಯಿತು. ಅವನ ಕೈಯಿಂದ ನಿನ್ನನ್ನ ಹೇಗೆ ಬಿಡಿಸಲಿ ಅನ್ನೋದೇ ನನ್ನ ಚಿಂತೆ. ಪುಟ್ಟಿನ ಕರಕೊಂಡು ಬಂದುಬಿಡು. ಎರಡು ಕೋಣೆ ಇವೆ, ಸಾಕು.

ಅಕ್ಕ

2 ಸೆಪ್ಟೆಂಬರ್ 1997

ಅಕ್ಕ,

ಊರಿಗೆ ಬಂದು, ಮನೆ ಮುಂದೆ ಹಾದು, ನನ್ನ ಮಗಳನ್ನ ಕಳ್ಳರ ಹಾಗೆ ಕಿಟಕಿಯಿಂದ ನೋಡಿಕೊಂಡು, ಸಾಣೆಯವರ ಮನೆಗೆ ಹೋಗಿ ಕೂತೆ. ನಿನಗೆ ಯಾರು ಹೆಚ್ಚು ಅಂತ ತಿಳೀತು.

ನನ್ನ ಸಂಸಾರ ನೋಡಿ ನಿನಗೆ ಯಾವತ್ತೂ ಒಳಗೊಳಗೇ ಉರಿ ಇತ್ತು ಅಂತ ನಮ್ಮತ್ತೆ ಹೇಳ್ತಿದ್ದರು. ನಾನು ಅವರ ಜೊತೆ ಜಗಳ ಆಡಿದ್ದೆ. ಈಗ ಅವರ ಫೋಟೋ ಮುಂದೆ ನಿಂತು ತಪ್ಪಾಯ್ತು ಅಂದೆ.

ಸ್ಕೂಲ್ ವಿಳಾಸಕ್ಕೂ ಇನ್ನು ಕಾಗದ ಹಾಕಬೇಡ.

9 ನವೆಂಬರ್ 1997

ತಂಗೀ,

ಹಾಕಬೇಡ ಅಂದೆ, ಹಾಕ್ತಿದೀನಿ. ರಿಜಿಸ್ಟರ್ ಪೋಸ್ಟು, ವಾಪಸ್ ಕಳಿಸಿದರೆ ನನಗೆ ಗೊತ್ತಾಗುತ್ತೆ.

ಇಪ್ಪತ್ತೇಳನೇ ತಾರೀಖು ನಿನ್ನ ಸಾಕ್ಷಿ. ನಿನ್ನ ಗಂಡನ ಕಡೆಯಿಂದ ನಿನ್ನ ಹೆಸರು ಕೊಟ್ಟಿದಾರೆ. ಕಾರಿನಲ್ಲಿ ಇದ್ದದ್ದು ನಾವು ಮೂವರೇ. ನನ್ನ ಮಾತು ಒಂದು ಕಡೆ, ಅವನದು ಇನ್ನೊಂದು ಕಡೆ, ಮಧ್ಯದಲ್ಲಿ ನೀನು.

ವಕೀಲರನ್ನ ಕೇಳಿ ಬರೀತಿದೀನಿ, ಓದು. ಸಾಕ್ಷಿಗೆ ಬಂದವರಿಗೂ ಹಕ್ಕುಗಳಿವೆ. ಮನೆಯಲ್ಲಿ ಒತ್ತಾಯ ಮಾಡಿದಾರೆ ಅಂತ ನೀನು ನ್ಯಾಯಾಧೀಶರಿಗೆ ನೇರವಾಗಿ ಹೇಳಬಹುದು, ಅವರು ಗಂಡನನ್ನ ಹೊರಗೆ ಕಳಿಸಿ ಕೇಳ್ತಾರೆ. ಗೊತ್ತಿಲ್ಲ, ನೆನಪಿಲ್ಲ ಅಂದರೂ ತಪ್ಪಲ್ಲ. ನೆನಪಿಲ್ಲ ಅಂದುಬಿಡು, ನನಗೆ ಅಷ್ಟೇ ಸಾಕು. ಆದರೆ ಪ್ರಮಾಣ ಮಾಡಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಬೇರೆಯೇ ಕೇಸು. ಸ್ಕೂಲಿನ ಕೆಲಸಕ್ಕೂ ಕುತ್ತು.

ಅವನಿಗೆ ಹೆದರಬೇಡ. ಆ ದಿನ ನಾನು ಕೋರ್ಟಿನ ಗೇಟಿನ ಹತ್ತಿರ ನಿಂತಿರ್ತೀನಿ. ಬ್ಯಾಗು ತಂದರೆ ಹಾಗೇ ಹೋಗೋಣ.

ಅಕ್ಕ

28 ನವೆಂಬರ್ 1997

ತಂಗಿಗೆ,

ನಿನ್ನೆ ನೀನು ಹಿಂದಿನ ಗೇಟಿನಿಂದ ಬಂದೆ ಅಂತ ಆಮೇಲೆ ಗೊತ್ತಾಯಿತು.

ನಿನ್ನ ಮಾತು ಒಂದೊಂದೂ ನನ್ನ ಕಿವಿಯಲ್ಲಿದೆ. ‘ನಿಮ್ಮ ಅಕ್ಕ ಎಲ್ಲಿ ಕೂತಿದ್ದರು?’ ಅಂತ ಕೇಳಿದರು. ‘ಬಲಗಡೆ. ಸ್ಟಿಯರಿಂಗ್ ಮುಂದೆ’ ಅಂದೆ. ಒಂದು ಚೂರೂ ತಡವರಿಸಲಿಲ್ಲ. ‘ಬೆಲ್ಟ್ ಹಾಕಿದ್ದರಾ?’ ‘ಹಾಕಿದ್ದರು. ನಮ್ಮೆಜಮಾನರು ಬೆಲ್ಟ್ ಹಾಕಿಸದೆ ಯಾರಿಗೂ ಗಾಡಿ ಕೊಡಲ್ಲ.’ ಅದನ್ನ ಹೇಳುವಾಗ ನಿನ್ನ ಮುಖದಲ್ಲಿ ಹೆಮ್ಮೆ ಇತ್ತು.

ಆಗ ವಕೀಲೆ ಕೇಸ್ ಶೀಟು ತೆಗೆದಳು. ‘ಎಡಭುಜದಿಂದ ಬಲಸೊಂಟದವರೆಗೆ ಬೆಲ್ಟಿನ ಬಾಸುಂಡೆ’ ಅಂತ ಓದಿದಳು. ಬಲಗಡೆ ಕೂತವರಿಗೆ ಬೆಲ್ಟ್ ಬಲಭುಜದ ಮೇಲೆ ಬರುತ್ತೆ. ಎಡಭುಜದ ಮೇಲೆ ಬರೋದು ಎಡಗಡೆ ಸೀಟಿನವರಿಗೆ. ‘ಇದು ಹೇಗಾಯ್ತು ಅಮ್ಮಾ?’ ಅಂತ ಕೇಳಿದಳು. ನೀನು ‘ಗೊತ್ತಿಲ್ಲ’ ಅಂದೆ. ಆ ಮಾತು ಹದಿನೈದು ನಿಮಿಷ ಮುಂಚೆ ಅಂದಿದ್ದರೆ ಸಾಕಿತ್ತು.

ನಿನಗೆ ಬರೆಯದೆ ಇಟ್ಟುಕೊಂಡ ಸಾಲು ಅದೇ. ಬರೆದಿದ್ದರೆ ಬೆಲ್ಟೇ ಹಾಕಿರಲಿಲ್ಲ ಅಂತ ಹೇಳಿಸ್ತಿದ್ದ ನಿನ್ನ ಗಂಡ. ಒಂದೊಂದು ಉತ್ತರಕ್ಕೂ ಮುಂಚೆ ನೀನು ಅವನ ಮುಖ ನೋಡ್ತಿದ್ದೆ. ಎಷ್ಟು ಹೆದರಿಸಿದಾನೆ ಅಂತ ನನಗೆ ಅರ್ಥವಾಯಿತು.

ಅಕ್ಕ

22 ಫೆಬ್ರವರಿ 1998

ಅಕ್ಕ,

ತೀರ್ಪು ನೀನೂ ನೋಡಿರ್ತೀಯ. ಓಡಿಸಿದ್ದು ಇವರೇ ಅಂತ ಆಯಿತು. ಸಾಣೆಯವರಿಗೂ ನಿನಗೂ ಕಂಪನಿ ಕೊಡಬೇಕು ಅಂತ ಆಯಿತು. ನಿನ್ನ ಮೇಲಿನ ಪೊಲೀಸ್ ಕೇಸು ಬಿದ್ದುಹೋಯ್ತು, ಈಗ ಇವರ ಮೇಲೆ ಹಾಕಿದಾರೆ. ಡ್ರೈವಿಂಗ್ ಸ್ಕೂಲಿನ ಪರವಾನಗಿ ರದ್ದು ಮಾಡಿ ಹತ್ತನೇ ತಾರೀಖು ಆದೇಶ ಬಂತು. ಬೋರ್ಡು ಇಳಿಸಿ ಒಳಗೆ ತಂದಿಟ್ಟಿದೀವಿ. ನಮ್ಮ ಹೆಡ್‌ಮಾಸ್ಟರು ನನ್ನನ್ನ ಕೇಳದೆ ಟಪಾಲಿನ ಕೆಲಸ ಬೇರೆಯವರಿಗೆ ಕೊಟ್ಟರು.

ಗೆದ್ದೆಯಲ್ಲ, ಸಂತೋಷವಾಗಿರು.

ಈಗ ಮುಚ್ಚಿಟ್ಟು ನನಗೇನೂ ಲಾಭವಿಲ್ಲ, ಅದಕ್ಕೆ ಬರೀತೀನಿ. ಮೊದಲಿಂದಲೂ ನೀನು ಇವರನ್ನೇ ಬೈದೆ. ಹೆದರಿಸಿದ, ಬಾಯಿ ಮುಚ್ಚಿಸಿದ, ಕೈಯಿಂದ ಬಿಡಿಸ್ತೀನಿ. ಓದಿ ಓದಿ ನನಗೆ ನಗು ಬರೋದು, ಆಮೇಲೆ ಅಳು. ಆ ದಿನ ಇವರು ರಸ್ತೆ ಮೇಲೆ ಕೂತು ತಲೆ ಚಚ್ಚಿಕೊಳ್ತಿದ್ದರು. ‘ತಪ್ಪು ನಂದೇ, ಪೊಲೀಸರು ಬಂದ ಕೂಡಲೇ ಹೇಳಿಬಿಡ್ತೀನಿ’ ಅಂದರು. ಬೇಡ ಅಂದದ್ದು ನಾನು. ಎಲ್ ಬೋರ್ಡ್ ಇದೆ, ಅಕ್ಕ ಓಡಿಸ್ತಿದ್ದಳು ಅನ್ನಿ, ಯಾರೂ ಅನುಮಾನ ಪಡಲ್ಲ ಅಂದವಳು ನಾನು. ಆಸ್ಪತ್ರೆಯಲ್ಲಿ ಮಸಿ ಹಚ್ಚಿ ನಿನ್ನ ಹೆಬ್ಬೆರಳು ಹಿಡಿದು ಒತ್ತಿಸಿದವಳೂ ನಾನು. ಇವರು ಬಾಗಿಲ ಹೊರಗೆ ನಿಂತಿದ್ದರು. ಕೋರ್ಟಿನಲ್ಲಿ ನಾನು ಅವರ ಮುಖ ನೋಡ್ತಿದ್ದದ್ದು ಹೆದರಿ ಅಲ್ಲ. ಎಲ್ಲಿ ಎದ್ದು ನಿಂತು ನಿಜ ಹೇಳಿಬಿಡ್ತಾರೋ ಅಂತ ಕಣ್ಣಲ್ಲೇ ಕೂರಿಸ್ತಿದ್ದೆ.

ಆಗ ನನಗೆ ಅನ್ನಿಸಿದ್ದು ಇಷ್ಟೇ. ನನಗೆ ಗಂಡ ಇದಾನೆ, ಮಗಳಿದಾಳೆ, ನೂರು ಜನರ ಎದುರು ಮಾನ ಇದೆ. ನಿನಗೆ ಯಾರಿದಾರೆ? ನಿನ್ನ ಹೆಸರು ಕೆಟ್ಟರೆ ಯಾರಿಗೆ ನಷ್ಟ? ಅಕ್ಕ ಸಹಿಸಿಕೊಳ್ತಾಳೆ ಅಂದುಕೊಂಡೆ. ಸಹಿಸಿಕೊಳ್ಳಲಿಲ್ಲ.

ಬೆಲ್ಟಿನ ವಿಷಯ ನೀನು ಬರೆದಿದ್ದರೆ ನಾನು ಸಾಕ್ಷಿ ಕಟ್ಟೆ ಹತ್ತುತ್ತಲೇ ಇರಲಿಲ್ಲ. ಗೊತ್ತಿದ್ದೂ ಬೀಳಲಿ ಅಂತ ಬಿಟ್ಟೆ. ಅದನ್ನ ಮಾತ್ರ ನಾನು ಮರೆಯಲ್ಲ.

5 ಮಾರ್ಚ್ 1998

ತಂಗಿಗೆ,

ಮೊದಲು ಕೆಲಸದ ಮಾತು. ಪರವಾನಗಿ ರದ್ದು ಮಾಡಿದ ಆದೇಶದ ಮೇಲೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಹತ್ತನೇ ತಾರೀಖಿನ ಆದೇಶ ಅಂದರೆ ನಿಮಗೆ ಉಳಿದಿರೋದು ಒಂದೇ ವಾರ. ಡ್ರೈವಿಂಗ್ ಸ್ಕೂಲು ನಿನ್ನ ಹೆಸರಿಗೆ ಮಾಡಿ ಬೇರೆ ತರಬೇತುದಾರರನ್ನ ಇಟ್ಟುಕೊಳ್ತೀವಿ ಅಂತ ಕೇಳಿದರೆ ಕೊಡೋದೂ ಉಂಟಂತೆ. ಆದೇಶದ ಮೂಲ ಪ್ರತಿ, ಹಳೇ ಪರವಾನಗಿ ಎರಡೂ ತಗೊಂಡು ನಿಮ್ಮೂರ ಕೋರ್ಟಿನ ಉಚಿತ ನೆರವಿನ ಕೊಠಡಿಗೆ ಹೋಗು. ಎಲ್ಲಾ ಕೋರ್ಟಿನಲ್ಲೂ ಇರುತ್ತೆ. ವಕೀಲೆ ತಾನಾಗಿ ಹೇಳಿದ್ದಲ್ಲ ಇದು, ನಾನೇ ಹೋಗಿ ಕೇಳಿದೆ. ಯಾಕೆ ಕೇಳಿದೆ ಅಂತ ನನಗೇ ಗೊತ್ತಿಲ್ಲ.

ನಿನ್ನ ಗಂಡನನ್ನ ವರ್ಷವಿಡೀ ಬೈದೆ. ಅವರಿಗೆ ನನ್ನ ಕಡೆಯಿಂದ ತಪ್ಪಾಯ್ತು ಅಂತ ಹೇಳು. ಬಾಗಿಲ ಹೊರಗೆ ನಿಂತವರದ್ದೂ ಪಾಲಿದೆ, ಆದರೆ ನಾನು ಅವರ ತಲೆಗೆ ಕಟ್ಟಿದಷ್ಟಿಲ್ಲ.

ಬೆಲ್ಟಿನ ಸಾಲು ಬರೆಯದೆ ಇದ್ದದ್ದಕ್ಕೆ ವಕೀಲೆ ಬೇಡ ಅಂದದ್ದು ಒಂದು ಕಾರಣ. ನೀನು ನಿಜ ಹೇಳ್ತೀಯ, ಅದರ ಅಗತ್ಯವೇ ಬೀಳಲ್ಲ ಅಂತ ನಂಬಿದ್ದು ಇನ್ನೊಂದು. ನೀನು ಯಾವುದನ್ನ ಬೇಕಾದರೂ ಇಟ್ಟುಕೋ.

ಈಗ ನಾನು ಅಂಗಡೀಲಿ ಕೌಂಟರಿನಲ್ಲಿ ಕೂರ್ತೀನಿ. ಬಂದವರಿಗೆ ಅಕ್ಷರದ ಬೋರ್ಡು ಓದಿಸ್ತೀನಿ, ಒಳಗೆ ನನ್ನ ಸ್ಟೂಲಿನ ಮೇಲೆ ಬೇರೆ ಹುಡುಗಿ ಸ್ಕ್ರೂ ತಿರುಗಿಸ್ತಾಳೆ. ಚೆನ್ನಾಗಿ ಮಾಡ್ತಾಳೆ.

ನಿನಗೆ ಯಾರಿದಾರೆ ಅಂತ ಕೇಳಿದ್ದೀಯ. ಹೋದ ವಾರ ಕೈಯೊಳಗಿನ ಪ್ಲೇಟು ತೆಗೆಸೋಕೆ ಆಸ್ಪತ್ರೆಗೆ ಸೇರಿದೆ. ಫಾರಂನಲ್ಲಿ ‘ಹತ್ತಿರದ ಸಂಬಂಧಿ’ ಅಂತ ಒಂದು ಸಾಲಿರುತ್ತೆ. ಇಷ್ಟು ವರ್ಷ ಎಲ್ಲಿ ಯಾವ ಫಾರಂ ಕೊಟ್ಟರೂ ಆ ಸಾಲಿಗೆ ನಾನು ಯೋಚನೆ ಮಾಡಿದ್ದಿಲ್ಲ, ನಿನ್ನ ಹೆಸರು ತಾನಾಗಿ ಬರೋದು. ಈ ಸಲ ಖಾಲಿ ಬಿಟ್ಟು ಕೊಟ್ಟೆ. ಕಿಟಕಿಯ ಹಿಂದಿನ ಗುಮಾಸ್ತೆ ವಾಪಸ್ ತಳ್ಳಿದಳು. ‘ಖಾಲಿ ಬಿಡೋ ಹಾಗಿಲ್ಲಮ್ಮ, ಏನಾದರೂ ಆದರೆ ಯಾರಿಗೆ ಹೇಳೋದು?’

ಅಂಗಡಿ ಮಾಲೀಕರ ಹೆಸರು ಬರೆದೆ.

‘ಇವರು ನಿಮಗೇನಾಗಬೇಕು?’ ಅಂದಳು.

‘ಕೆಲಸ ಕೊಟ್ಟವರು’ ಅಂದೆ.

ಅವಳು ಅದನ್ನೇ ಬರೆದುಕೊಂಡು, ಹಿಂದೆ ನಿಂತಿದ್ದವರನ್ನ ಕರೆದಳು.